ಹಳೇ ಕಾರಿಗೆ ಟೈಮ್‌ಟೇಬಲ್ ಹಾಕಬೇಡಿ

1998ರ ಮಾರುತಿ 800ರಲ್ಲಿ ಬೆಂಗಳೂರಿನಿಂದ ಆಗುಂಬೆ ಇಳಿದು ಉಡುಪಿಗೆ ಹೋಗುತ್ತೇನೆ ಅಂದರೆ ಕೆಲವರು ನನ್ನನ್ನು ಜಿಪುಣ ಅಂದುಕೊಳ್ಳುತ್ತಾರೆ. ರೀಲ್ಸ್ ಜಾಸ್ತಿ ನೋಡುವವರು ‘ವಾವ್ ಸಾರ್, ವಿಂಟೇಜ್!’ ಅನ್ನುತ್ತಾರೆ. ವಿಂಟೇಜೂ ಇಲ್ಲ, ಏನೂ ಇಲ್ಲ. ಕಾರಿದೆ, ಓಡುತ್ತದೆ, ಎಫ್‌ಸಿ ಆಗಿದೆ, ಇನ್ಶೂರೆನ್ಸ್ ಇದೆ. ಇಎಂಐ ಕಟ್ಟುವ ಮನಸ್ಸಿಲ್ಲ. ಜಿಪುಣ ಅನ್ನುವವರ ಮಾತಲ್ಲಿ ಸ್ವಲ್ಪ ನಿಜ ಇರಬಹುದು, ಇರಲಿ.

ನನಗೆ ಒಪ್ಪಿಗೆಯಾಗದ ಮಾತು ಬೇರೆ ಇದೆ. ‘ಸಿಟಿಯೊಳಗೆ ಓಡಿಸಿಕೊಳ್ಳಿ, ದೂರಕ್ಕೆ ತಗೊಂಡು ಹೋಗಬೇಡಿ’ ಅನ್ನುತ್ತಾರಲ್ಲ, ಅದು. ಹಳೇ ಇಂಜಿನ್ನಿಗೆ ದೂರ ಶತ್ರುವಲ್ಲ. ಬೆಳಗಿನ ತಂಪಿನಲ್ಲಿ ಅರವತ್ತು ಎಪ್ಪತ್ತರ ವೇಗದಲ್ಲಿ ನೂರು ಕಿಲೋಮೀಟರ್ ಓಡುವುದು ಅದಕ್ಕೆ ಸಿಲ್ಕ್ ಬೋರ್ಡಿನಲ್ಲಿ ಒಂದು ಗಂಟೆ ನಿಲ್ಲುವುದಕ್ಕಿಂತ ಎಷ್ಟೋ ಸುಲಭ. ಕೆಡಿಸುವುದು ನಮ್ಮ ಟೈಮ್‌ಟೇಬಲ್. ಮಧ್ಯಾಹ್ನದ ಊಟಕ್ಕೆ ಅಲ್ಲಿರಬೇಕು, ಸಂಜೆ ಮದುವೆ ಮನೆಗೆ ಮುಟ್ಟಲೇಬೇಕು ಅಂತ ಹೊರಟವರು ಇಂಜಿನ್ ಬಿಸಿ ತೋರಿಸುವ ಸೂಜಿ ಏರುವುದನ್ನು ನೋಡಿಯೂ ‘ಇನ್ನೊಂದು ಹತ್ತು ಕಿಲೋಮೀಟರ್ ನೋಡೋಣ’ ಅಂತ ಒತ್ತುತ್ತಾರೆ. ಆ ಹತ್ತು ಕಿಲೋಮೀಟರಿನಲ್ಲೇ ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ನಿನ ಎರಡು ಭಾಗದ ನಡುವಿನ ಸೀಲು, ಹೋಗುವುದು. ಐನೂರು ರೂಪಾಯಿಯ ಕೆಲಸ ಸಾವಿರಗಟ್ಟಲೆ ಆಗುವುದು.

ನಮ್ಮ ಕಾರು ಕಡೂರಿನಲ್ಲಿ ಬಿಸಿಯಾಯಿತು. ತುಮಕೂರು, ತಿಪಟೂರು, ಅರಸೀಕೆರೆ ಎಲ್ಲ ಆರಾಮಾಗಿ ದಾಟಿದ್ದೆವು. ಊರೊಳಗೆ ಟ್ರಾಫಿಕ್ಕಿನಲ್ಲಿ ನಿಂತಾಗ ಸೂಜಿ ಏರತೊಡಗಿತು. ಇದರಲ್ಲೇ ಒಂದು ಸುಳಿವಿದೆ. ಹೈವೇಯಲ್ಲಿ ಓಡುವಾಗ ಎದುರು ಗಾಳಿಯೇ ರೇಡಿಯೇಟರನ್ನು ತಂಪಾಗಿ ಇಡುತ್ತದೆ. ನಿಂತಾಗ ಮಾತ್ರ ಬಿಸಿಯಾದರೆ ಮೊದಲು ಫ್ಯಾನ್ ನೋಡಬೇಕು. ಓಡುವಾಗಲೂ ಬಿಸಿಯಾದರೆ ಕಥೆ ಬೇರೆ: ನೀರು ಕಡಿಮೆಯಾಗಿರಬಹುದು, ರೇಡಿಯೇಟರ್ ಕಟ್ಟಿಕೊಂಡಿರಬಹುದು, ವಾಟರ್ ಪಂಪ್ ಹೋಗಿರಬಹುದು.

ಬದಿಗೆ ಹಾಕಿ ಬಾನೆಟ್ ಎತ್ತಿದೆ. ಕ್ಯಾಪ್ ಮುಟ್ಟಲಿಲ್ಲ. ರೇಡಿಯೇಟರಿನ ಒಳಗೆ ಒತ್ತಡ ಇರುವುದರಿಂದ ನೂರು ಡಿಗ್ರಿ ದಾಟಿದರೂ ನೀರು ಕುದಿಯದೆ ಕೂತಿರುತ್ತದೆ. ಕ್ಯಾಪ್ ಬಿಚ್ಚಿದ ಕ್ಷಣ ಒತ್ತಡ ಇಳಿದು ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಸುಟ್ಟುಕೊಂಡವರನ್ನು ನೋಡಿದ್ದೇನೆ. ಅರ್ಧ ಗಂಟೆ ಸುಮ್ನೆ ಕೂರಬೇಕು, ಬೇರೆ ದಾರಿ ಇಲ್ಲ.

‘ಮಧ್ಯಾಹ್ನದ ಊಟಕ್ಕೆ ತೀರ್ಥಹಳ್ಳಿ ಅಂದಿದ್ರಿ’ ಅಂದಳು ಹೆಂಡತಿ. ಹಿಂದಿನ ಸೀಟಿನಿಂದ ಅತ್ತೆ ಇಳಿದರು. ‘ಕೆಟ್ಟಿದ್ದು ಒಳ್ಳೇದೇ ಆಯ್ತು ಬಿಡಿ, ಸೊಂಟ ನೆಟ್ಟಗಾಯ್ತು’ ಅಂದು ಎದುರಿನ ಅಂಗಡಿಗೆ ಎಳನೀರು ಕುಡಿಯಲು ಹೊರಟೇಬಿಟ್ಟರು. ಹಳೇ ಕಾರಿನಲ್ಲಿ ಯಾರನ್ನು ಕರೆದುಕೊಂಡು ಹೋಗಬೇಕು ಅಂತ ಕೇಳಿದರೆ ನಾನು ಅತ್ತೆಯ ಹೆಸರೇ ಹೇಳುವುದು.

ಮೆಕ್ಯಾನಿಕ್ ಬಂದು ಬ್ಯಾಟರಿಯಿಂದ ಫ್ಯಾನಿಗೆ ನೇರವಾಗಿ ವೈರ್ ಕೊಟ್ಟು ನೋಡಿದರು. ‘ಮೋಟ್ರು ಹೋಗಿದೆ ಸಾರ್. ಗುಜರಿಯಿಂದ ತೆಗೆದಿಟ್ಟಿದ್ದು ಒಂದಿದೆ, ಹಾಕ್ಲಾ?’ ಹಾಕಿದರು. ಕೆಲಸ ಮುಗಿಯಿತು. ಇದು ನನ್ನ ಜಾಣತನವೂ ಅಲ್ಲ, ಅದೃಷ್ಟವೂ ಅಲ್ಲ. 1983ರ ಡಿಸೆಂಬರಿನಲ್ಲಿ ಬೀದಿಗಿಳಿದ ಕಾರು 2014ರ ಜನವರಿವರೆಗೆ ತಯಾರಾಗುತ್ತಲೇ ಇತ್ತು. ಅದೇ 796 ಸಿಸಿ, ಅದೇ ಮೂರು ಸಿಲಿಂಡರ್. ಮೂವತ್ತು ವರ್ಷ ಒಂದೇ ಕಾರು ದೇಶದ ತುಂಬ ಓಡಿದ್ದಕ್ಕೆ ಇವತ್ತಿಗೂ ತಾಲೂಕು ಊರಿನ ಗುಜರಿಯಲ್ಲಿ ಅದರ ಸಾಮಾನು ಸಿಗುತ್ತದೆ. ಸಾಮಾನು ಸಿಗದ ಅಪರೂಪದ ಹಳೇ ಕಾರಿದ್ದರೆ ನಾನೂ ದೂರ ಹೋಗುವ ಧೈರ್ಯ ಮಾಡುತ್ತಿರಲಿಲ್ಲ.

ಹೊಸ ಕಾರುಗಳು ಇಷ್ಟು ಸಲ ಕೈಕೊಡುವುದಿಲ್ಲ, ಒಪ್ಪೋಣ. ಆದರೆ ಕೈಕೊಟ್ಟಾಗ ಪೂರ್ತಿ ಕೊಡುತ್ತವೆ. ಗೆಳೆಯನೊಬ್ಬನ ದೊಡ್ಡ ಕಾರು ಯಾವುದೋ ಸೆನ್ಸರ್ ಕೆಟ್ಟು ಘಾಟಿನ ಮೇಲೆ ಆಮೆ ವೇಗಕ್ಕೆ ಇಳಿಯಿತು. ಸ್ಥಳೀಯ ಮೆಕ್ಯಾನಿಕ್ ಬಾನೆಟ್ ಎತ್ತಿ, ಒಳಗಿನ ಪ್ಲಾಸ್ಟಿಕ್ ಮುಚ್ಚಳ ನೋಡಿ ಮತ್ತೆ ಇಳಿಸಿದರಂತೆ. ಆಮೇಲೆ ಟೋಯಿಂಗ್ ಗಾಡಿ, ಸರ್ವಿಸ್ ಸೆಂಟರ್, ಎರಡು ರಾತ್ರಿ ಲಾಡ್ಜ್.

ಹಾಗಂತ ಹಳೇ ಕಾರಿನವರು ಬೀಗುವ ಕಾಲವೂ ಮುಗಿಯುತ್ತಾ ಬಂತು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಬಿಚ್ಚಿ, ಅದರ ಸಣ್ಣ ತೂತಿನ ಜೆಟ್ ಊದಿ, ಟ್ಯೂನಿಂಗ್ ಕೂರಿಸಬಲ್ಲವರಿಗೆ ಈಗ ತಲೆ ನರೆತಿದೆ. ಅವರ ಗ್ಯಾರೇಜಿನ ಹುಡುಗರಿಗೆ ಸ್ಕ್ಯಾನರ್ ಚುಚ್ಚಲು ಜಾಗವಿಲ್ಲದ ಕಾರು ಕಂಡರೆ ಬೇಜಾರು. ರಸ್ತೆಗಳೂ ಬದಲಾದವು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ನೋಡಿ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲ ಬೈಪಾಸ್. ನೂರರ ವೇಗದಲ್ಲಿ ಹೋಗುವವರಿಗೆ ಸ್ವರ್ಗ. ನನ್ನ 800ಕ್ಕೆ ಅಲ್ಲಿ ಕೆಲಸವಿಲ್ಲ. ಬೇಲಿ ಆಚೆ ಸರ್ವಿಸ್ ರಸ್ತೆಯಲ್ಲಿ ಪಂಕ್ಚರ್ ಅಂಗಡಿ ಕಾಣುತ್ತಿರುತ್ತದೆ, ಈಚೆ ನಾವು ಕೆಟ್ಟು ನಿಂತಿರುತ್ತೇವೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ 1033ಕ್ಕೆ ಫೋನ್ ಮಾಡಬಹುದು, ಅದು ನೆನಪಿರಲಿ. ನಾನಂತೂ ಹಳೇ ರಸ್ತೆಯಲ್ಲೇ ಹೋಗುತ್ತೇನೆ. ಬಿಡದಿಯಲ್ಲಿ ತಟ್ಟೆ ಇಡ್ಲಿ ಸಿಗುತ್ತದೆ, ಕಾರಿಗೂ ಉಸಿರು ಸಿಗುತ್ತದೆ.

ಆಗುಂಬೆ ಘಾಟಿಯ ಬಗ್ಗೆ ಎಲ್ಲರೂ ಕೇಳುವುದು ‘ಹತ್ತುತ್ತಾ?’ ಅಂತ. ಹತ್ತುತ್ತದೆ. ಸುಮಾರು 650 ಕೆಜಿಯ ಕಾರು, ಫಸ್ಟ್ ಗೇರಿನಲ್ಲಿ ಗೊಣಗುತ್ತಾ ಹದಿನಾಲ್ಕು ತಿರುವನ್ನೂ ಹತ್ತುತ್ತದೆ. ಕೇಳಬೇಕಾದದ್ದು ‘ಇಳಿಯುತ್ತಾ?’ ಅಂತ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ ಅಂತ ಲಾರಿ ಡ್ರೈವರುಗಳು ಹೇಳುವುದು ಸುಮ್ನೆ ಅಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ವರ್ಷಗಟ್ಟಲೆ ಬದಲಿಸದಿದ್ದರೆ ಅದು ಬೇಗ ಕುದಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಬಂದರೆ ಪೈಪಿನಲ್ಲಿ ಗುಳ್ಳೆ ಎದ್ದು, ಪೆಡಲ್ ಕಾಲಡಿಗೆ ಮೆತ್ತಗೆ ಕುಸಿಯುತ್ತದೆ. ಇಂಜಿನ್ ನಿಂತರೆ ಬದಿಗೆ ಹಾಕಬಹುದು. ಬ್ರೇಕ್ ಹೋದರೆ ಬದಿ ಅನ್ನುವುದೇ ಇಲ್ಲ. ಆದ್ದರಿಂದ ಸೀಟ್ ಕವರು, ಮ್ಯೂಸಿಕ್ ಸಿಸ್ಟಮ್ ಅಂತ ದುಡ್ಡು ಸುರಿಯುವ ಮೊದಲು ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಅದನ್ನೂ ಓದಿ. 2319 ಅಂದರೆ 2019ರ ಇಪ್ಪತ್ತಮೂರನೇ ವಾರದಲ್ಲಿ ಮಾಡಿದ್ದು. ಕಡಿಮೆ ಓಡುವ ಕಾರಿನ ಟೈರು ನೋಡಲು ಹೊಸದರಂತಿದ್ದರೂ ರಬ್ಬರು ಒಣಗಿ ಬಿರಿದಿರುತ್ತದೆ. ನಮ್ಮ ಹನ್ನೆರಡು ಇಂಚಿನ ಟೈರು ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ ಬೇರೆ.

ಇಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಬಿಡದೆ ತಡೆಯುವ ಥರ್ಮೋಸ್ಟಾಟನ್ನು ಬೇಸಿಗೆಗೆ ಕಿತ್ತುಹಾಕಿ ಅಂತ ಸಲಹೆ ಕೊಡುವ ಮೆಕ್ಯಾನಿಕ್‌ಗಳ ಜೊತೆ ನನಗೆ ಮುಗಿಯದ ಜಗಳ. ‘ನಮ್ ದೇಶಕ್ಕೆ ಅದು ಬೇಡ ಸಾರ್’ ಅನ್ನುತ್ತಾರೆ. ಕಿತ್ತರೆ ಇಂಜಿನ್ ಹದವಾದ ಬಿಸಿಗೆ ಬರುವುದೇ ತಡವಾಗುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿ, ಎಷ್ಟು ಮಹಾ ಆಗುತ್ತದೆ?

ಈಗ ಹೊಸ ತಲೆನೋವು ಇ20. ಇಪ್ಪತ್ತು ಭಾಗ ಎಥನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಚಾಲನೆ ಕೊಟ್ಟರು. ಈಗ ಬಂಕುಗಳಲ್ಲಿ ಹೆಚ್ಚುಕಡಿಮೆ ಅದೇ. 1998ರಲ್ಲಿ ಈ ಕಾರು ಮಾಡಿದವರ ತಲೆಯಲ್ಲಿ ಅದು ಇರಲಿಲ್ಲ. ಹಳೇ ರಬ್ಬರ್ ಪೈಪು, ಗ್ಯಾಸ್ಕೆಟ್ಟುಗಳಿಗೆ ಎಥನಾಲ್ ಆಗಿಬರುವುದಿಲ್ಲ. ನಾನು ಪೆಟ್ರೋಲ್ ಪೈಪು, ಕಾರ್ಬುರೇಟರ್ ಕಿಟ್ ಎಲ್ಲ ಬದಲಿಸಿದೆ. ಪೆಟ್ರೋಲ್ ವಾಸನೆ ಬಂದರೆ ‘ಹಳೇ ಕಾರು ಅಲ್ವಾ, ಬರುತ್ತೆ’ ಅಂತ ಬಿಡಬೇಡಿ. ಸೋರುವ ಪೈಪಿನ ಪಕ್ಕದಲ್ಲೇ ಕಾದ ಇಂಜಿನ್ ಇರುತ್ತದೆ.

ಒಂದು ವಿಷಯದಲ್ಲಿ ನನಗೆ ವಾದವೇ ಇಲ್ಲ. ಈ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ನೋಡಿಕೊಳ್ಳುವ ಎಬಿಎಸ್ ಇಲ್ಲ, ಬಾಗಿಲು ಡಬ್ಬದ ಮುಚ್ಚಳದಷ್ಟು ತೆಳು. ಲಾರಿ ತಾಗಿದರೆ ಮಾತು ಮುಗಿಯಿತು. ಅದಕ್ಕೇ ಕತ್ತಲಾದ ಮೇಲೆ ಓಡಿಸುವುದಿಲ್ಲ, ಮಳೆಗಾಲದಲ್ಲಿ ಘಾಟಿ ಇಲ್ಲ, ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ದೂರ ಹೋಗುವುದಿಲ್ಲ. ‘ಹಳೇ ಕಾರಿನ ತಗಡು ಗಟ್ಟಿ’ ಅನ್ನುವ ಮಾವಂದಿರ ಮಾತು ಅಂಬಾಸಿಡರಿಗೂ ಅನ್ವಯಿಸುವುದಿಲ್ಲ. ಬಾಡಿ ಬಗ್ಗದಿದ್ದರೆ ಆ ಹೊಡೆತ ಒಳಗೆ ಕೂತವರಿಗೇ.

ಆ ದಿನ ಉಡುಪಿ ಮುಟ್ಟಲಿಲ್ಲ. ತೀರ್ಥಹಳ್ಳಿಯಲ್ಲೇ ಉಳಿದು ಬೆಳಿಗ್ಗೆ ಘಾಟಿ ಇಳಿದೆವು.

ಚಳಿಗಾಲದಲ್ಲಿ ವಿಜಯಪುರಕ್ಕೆ ಹೋಗುವ ಯೋಚನೆ ಇದೆ. ಚಿತ್ರದುರ್ಗ, ಹೊಸಪೇಟೆ, ಕುಷ್ಟಗಿ, ಇಳಕಲ್ ದಾರಿ. ಹೊಸಪೇಟೆ ದಾಟಿದ ಮೇಲೆ ಕಾರ್ಬುರೇಟರ್ ಬಲ್ಲ ಮೆಕ್ಯಾನಿಕ್ ನನಗೆ ಗೊತ್ತಿಲ್ಲ. ಕುಷ್ಟಗಿ, ಇಳಕಲ್, ಹುನಗುಂದ ಕಡೆಯವರು ಯಾರಾದರೂ ಇದ್ದರೆ ಯಾವ ಊರಿನಲ್ಲಿ ವಿಚಾರಿಸಬೇಕು ಅಂತ ಹೇಳಿ. ರಾತ್ರಿ ಉಳಿಯಲು ಅಲ್ಲೇ ರೂಮ್ ಮಾಡುತ್ತೇನೆ. ಅತ್ತೆ ಆಗಲೇ ಬ್ಯಾಗ್ ತೊಳೆದು ಒಣಗಿಸಿದ್ದಾರೆ.