ಆಳು ಸಿಕ್ಕಿಲ್ಲ, ಬಾ

ಜುಲೈ 26ಕ್ಕೆ ಕಾರ್ಗಿಲ್ ವಿಜಯ ದಿವಸ ಅಂತ ನಮ್ಮಂಥ ಮಾಜಿ ಸೈನಿಕರನ್ನೆಲ್ಲ ಮುಳಬಾಗಿಲಿಗೆ ಕರೆದು ಸನ್ಮಾನ ಮಾಡಿದರು. ಪೇಟ, ಶಾಲು, ಹಣ್ಣಿನ ಬುಟ್ಟಿ, ಫೋಟೋ. ಬೇಡ ಅನ್ನಲ್ಲ. ಆದರೆ ವೇದಿಕೆ ಇಳಿಯೋ ಹೊತ್ತಿಗೆ ಒಬ್ಬ ಹುಡುಗ ಬಂದು, "ಅಂಕಲ್, ನೀವು ಎಷ್ಟು ಜನಾನ ಹೊಡೆದ್ರಿ?" ಅಂದ.

ನಾನು ಎಂಇಜಿ ಸ್ಯಾಪರ್, ಅಂದರೆ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸಿಪಾಯಿ. ಕಾರ್ಗಿಲ್‌ಗೆ ಹೋದವನೇ ಅಲ್ಲ. 2001ರ ಡಿಸೆಂಬರಿನಲ್ಲಿ ಸಂಸತ್ತಿನ ಮೇಲೆ ದಾಳಿಯಾಯ್ತಲ್ಲ, ಆಗ ಶುರುವಾದ ಆಪರೇಷನ್ ಪರಾಕ್ರಮ್‌ನಲ್ಲಿ ರಾಜಸ್ಥಾನದ ಗಡೀಲಿ ಮೈನ್, ಅಂದರೆ ನೆಲಬಾಂಬು ಹೂತವನು, ಆಮೇಲೆ ತೆಗೆದವನು. ಯುದ್ಧವೇ ಆಗಲಿಲ್ಲ, ಕಾಲುಗಳು ಹೋದವು, ಪ್ರಾಣಗಳೂ ಹೋದವು. ಹುಡುಗನಿಗೆ "ಎಣಿಸಿಲ್ಲಪ್ಪ" ಅಂದು ಬಂದೆ.

ಪೆನ್ಷನ್ ಬಂದಾಗ ನನಗೆ ಮೂವತ್ತೆಂಟು. ಟೊಮೇಟೊ ಸಸಿಗೆ ಹೊಸದಾಗಿ ಕೆದಕಿದ ಮಣ್ಣು ಕಂಡರೆ ಕಾಲು ತಾನಾಗೇ ಪಕ್ಕಕ್ಕೆ ಹೋಗೋದು, ನಮ್ಮದೇ ಹೊಲದಲ್ಲಿ. ಹೆಂಡತಿ ಮೊದಮೊದಲು ನಗ್ತಿದ್ದಳು. ಆಮೇಲೆ ನಗೋದು ಬಿಟ್ಟಳು.

ಆ ವರ್ಷದ ದೀಪಾವಳಿಗೆ ಶ್ರೀನಿವಾಸಪುರದ ಕಡೆಯಿಂದ ನಮ್ಮ ಹವಾಲ್ದಾರ್ ಸಾಬ್ ಟಿವಿಎಸ್ ಮೇಲೆ ಬಂದರು. ಹೇಗಿದ್ದೀಯ, ಏನಾಗಿದೆ, ಒಂದೂ ಕೇಳಲಿಲ್ಲ. "ನಡಿ ತಂಬಿ, ಹುಳ ನಾಲ್ಕನೇ ಜ್ವರ ಎದ್ದಿವೆ. ಸೊಪ್ಪು ಹಾಕೋಕೆ ಆಳು ಸಿಕ್ಕಿಲ್ಲ." ರೇಷ್ಮೆ ಹುಳ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದರೆ ಹಾಗನ್ನೋದು. ಅವರ ಹುಳುಮನೆ ಇರೋದು ಮಾವಿನ ತೋಪಿನ ಒಳಗೆ, ಊರಿಂದ ದೂರ. ಹೊಗೆ ಹುಳಕ್ಕೆ ಆಗಲ್ಲ ಅಂತ ಆ ಕಡೆ ಯಾರೂ ಪಟಾಕಿ ಹಚ್ಚಲ್ಲ. ರಾತ್ರಿಯೆಲ್ಲ ಸೊಪ್ಪು ಹಾಕಿದ್ವಿ. ಅಷ್ಟು ಹುಳ ಒಟ್ಟಿಗೆ ತಿನ್ನೋ ಸದ್ದು ಕೇಳಿದ್ದೀರಾ? ಸಣ್ಣ ಮಳೆ ಬಂದಂಗೆ ಇರುತ್ತೆ. ಬೆಳಗಿನ ಜಾವ ಅಲ್ಲೇ ಮೂಲೇಲಿ ನಿದ್ದೆ ಹತ್ತಿತು, ಎಷ್ಟೋ ತಿಂಗಳ ಮೇಲೆ.

ಆಳು ಸಿಕ್ಕಿದ್ದರಂತೆ. ಅವತ್ತು ಕೂಲಿ ಕೊಟ್ಟು ಮನೆಗೆ ಕಳಿಸಿದ್ದರಂತೆ. ಇದನ್ನ ಅವರ ಮನೆಯವರು ಹೇಳಿದ್ದು ಎರಡು ವರ್ಷ ಆದಮೇಲೆ.

ಅದಕ್ಕೇ ನಮ್ಮ ಸಂಘದಲ್ಲಿ ಜಗಳ ಆಡ್ತೀನಿ. ಶಾಲಿನ ದುಡ್ಡು ಪೆಟ್ರೋಲಿಗೆ ಹಾಕಿ. ಹೊಸದಾಗಿ ಪೆನ್ಷನ್ ಬಂದವನ ಮನೆಗೆ ಮೊದಲನೇ ತಿಂಗಳೇ ಹೋಗಿ. ನವೆಂಬರಿನಲ್ಲಿ ಬೆರಳಚ್ಚು ಹತ್ತದ ವಯಸ್ಸಾದವರಿಗೆ ಮೊಬೈಲಿನಲ್ಲಿ ಮುಖ ತೋರಿಸಿ ಜೀವನ ಪ್ರಮಾಣ ಪತ್ರ ಮಾಡಿಕೊಡಿ. ಯಜಮಾನರು ಹೋದಮೇಲೆ ಪಿಪಿಒ, ಅಂದರೆ ಪೆನ್ಷನ್ ಆದೇಶದ ಕಾಗದ ಹುಡುಕ್ತಾ ಕೂತ ಹೆಣ್ಣುಮಕ್ಕಳ ಜೊತೆ ಕಚೇರಿಗೆ ಒಬ್ಬರು ಹೋಗಿ. ವಾಟ್ಸಾಪ್‌ನಲ್ಲಿ ಗುಲಾಬಿ ಹೂ ಕಳಿಸೋದು ಆಮೇಲೆ ಇರಲಿ. ಯಾರಿಗೂ ಹೇಳೋಕಾಗದ ರಾತ್ರಿಗೆ 14416, ಟೆಲಿ ಮಾನಸ್, ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ. ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಬಂಗಾರಪೇಟೆ ಕಡೆ ಹುಡುಗನೊಬ್ಬ ಹೋದ ತಿಂಗಳು ಪೆನ್ಷನ್ ಬಂದಿದ್ದಾನೆ. ಮನೆಯಿಂದ ಆಚೆ ಬರ್ತಿಲ್ಲವಂತೆ. ನಾಡಿದ್ದು ನಮ್ಮ ಟೊಮೇಟೊಗೆ ಕಡ್ಡಿ ನಿಲ್ಲಿಸಬೇಕು. ಆಳು ನಾಲ್ಕು ಜನ ಬರ್ತಾರೆ. ಅವನಿಗೆ ಫೋನ್ ಮಾಡಿ, ಒಬ್ಬರೂ ಸಿಕ್ಕಿಲ್ಲ ಅಂದಿದ್ದೀನಿ.