ಸ್ಟಾರ್ ಎಣಿಸುವ ಮೊದಲು ಲೇಬಲ್ ಓದಿ

ಹಳೇ ಎಸಿ ಬದಲಿಸುವವರೆಲ್ಲ ಕಣ್ಣುಮುಚ್ಚಿ 5 ಸ್ಟಾರ್ ಕೊಳ್ಳಿ ಎಂಬ ಸಲಹೆ ಎಲ್ಲರಿಗೂ ಹೊಂದುವುದಿಲ್ಲ. ಸ್ಟಾರ್ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಬಿಇಇ ಈ ಅಳತೆಗೋಲನ್ನು ಆಗಾಗ ಬಿಗಿ ಮಾಡುತ್ತದೆ. 2022ರ ಜುಲೈನಲ್ಲಿ ಸ್ಪ್ಲಿಟ್ ಎಸಿಯ 5 ಸ್ಟಾರ್ ಗಡಿ ಐಎಸ್‌ಇಇಆರ್ (ಬಳಸಿದ ಕರೆಂಟಿಗೆ ಎಷ್ಟು ತಂಪು ಸಿಗುತ್ತದೆ ಎಂಬ ಲೆಕ್ಕ, ಹೆಚ್ಚಿದ್ದಷ್ಟೂ ಒಳ್ಳೆಯದು) 4.5ರಿಂದ 5ಕ್ಕೇರಿತು, ಹಳೆಯ ಎಷ್ಟೋ 5 ಸ್ಟಾರ್‌ಗಳು 4ಕ್ಕಿಳಿದವು. ಅಂಗಡಿಯವರು ಹಳೇ ಸ್ಟಾಕ್ ತೋರಿಸಿದರೆ ಲೇಬಲ್‌ನ ಅವಧಿ ನೋಡಿ, ಐಎಸ್‌ಇಇಆರ್ ಸಂಖ್ಯೆಯನ್ನೇ ಹೋಲಿಸಿ.

ಲೇಬಲ್‌ನಲ್ಲಿರುವ ವಾರ್ಷಿಕ ಯೂನಿಟ್ 1600 ಗಂಟೆಯ ಲೆಕ್ಕ. ಕಡಿಮೆ ಸ್ಟಾರಿನ ಎಸಿಯಲ್ಲಿ 1000, 5 ಸ್ಟಾರಿನದರಲ್ಲಿ 760 ಎಂದಿದೆ ಅಂದುಕೊಳ್ಳಿ. ಬೆಂಗಳೂರಿನಲ್ಲಿ ವರ್ಷಕ್ಕೆ 600 ಗಂಟೆ ಓಡಿಸಿದರೆ ಉಳಿಯುವುದು 90 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಹಿಡಿದರೂ 630 ರೂಪಾಯಿ. ಬೆಲೆಯ ವ್ಯತ್ಯಾಸ 8000 ಇದ್ದರೆ ಅದು ವಾಪಸ್ ಬರಲು ಹನ್ನೆರಡು ವರ್ಷ ದಾಟುತ್ತದೆ, ಅಷ್ಟರಲ್ಲಿ ಎಸಿಯೇ ಮುದಿಯಾಗಿರುತ್ತದೆ! ರಾಯಚೂರು, ಕಲಬುರಗಿಯ ಸೆಕೆಯಲ್ಲಿ 1600 ಗಂಟೆ ಓಡಿಸುವವರಿಗೆ ಐದು ವರ್ಷದೊಳಗೇ ಬಂದೀತು.

ಇನ್ನೊಂದು ಮಾತು. ಹಳೇ ಎಸಿಗಳ ತಂಪು ಮಾಡುವ ಗ್ಯಾಸು ಆರ್22 ಓಡಿದ ತಾಮ್ರದ ಪೈಪಿಗೇ ಹೊಸ ಆರ್32 ಗ್ಯಾಸಿನ ಎಸಿ ಜೋಡಿಸಲು ಬಿಡಬೇಡಿ. ಒಳಗುಳಿದ ಹಳೇ ಎಣ್ಣೆ ಹೊಸ ಕಂಪ್ರೆಸರ್‌ಗೆ ಹೊಂದುವುದಿಲ್ಲ. ಹೊಸ ಪೈಪ್ ಹಾಕಿಸಿ, ಪೈಪಿನ ಗಾಳಿ ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪ್ ಇಲ್ಲದೆ ಬಂದವರನ್ನು ವಾಪಸ್ ಕಳಿಸಿ. ಪೈಪಿನಲ್ಲಿ ಗಾಳಿ, ತೇವ ಉಳಿದರೆ 5 ಸ್ಟಾರೂ 3 ಸ್ಟಾರಿನಂತೆ ಕರೆಂಟು ಕುಡಿಯುತ್ತದೆ.