ಮೇಡಂ, ಇನ್ನೊಂದೇ ಛಾನ್ಸ್

ಗಂಡನನ್ನು ಬಿಟ್ಟದ್ದಾಯಿತು. ಅವರ 'ಭಟ್' ನನ್ನನ್ನು ಬಿಡುತ್ತಿಲ್ಲ.

ಹುಟ್ಟಾ ನಾನು ಹೆಗಡೆ. ಮದುವೆಯಾದರೆ ಹೆಸರು ಬದಲಿಸಲೇಬೇಕು ಅಂತ ಯಾವ ಕಾನೂನೂ ಹೇಳುವುದಿಲ್ಲ. ಜಂಟಿ ಖಾತೆಗೆ ಅನುಕೂಲ ಅಂದರು, ಬದಲಿಸಿದೆ. ಮದುವೆ ಸರ್ಟಿಫಿಕೇಟ್ ತೋರಿಸಿದರೆ ಸಾಕಾಯಿತು. ಆಗ ಯಾರೂ ಅಪ್ಪನ ಎನ್‌ಒಸಿ (ನನ್ನ ಅಭ್ಯಂತರ ಇಲ್ಲ ಅನ್ನುವ ಪತ್ರ) ಕೇಳಲಿಲ್ಲ. ವಾಪಸ್ ಬರುವ ದಾರಿಯಲ್ಲಿ ಮಾತ್ರ ಚೆಕ್‌ಪೋಸ್ಟು.

ಸಾಗರದಲ್ಲಿ ಕೌಂಟರಿನ ಹುಡುಗ ಸ್ಕ್ರೀನ್ ನೋಡಿ ಮುಖ ಸಣ್ಣ ಮಾಡಿದ. "ಆಧಾರ್‌ನಲ್ಲಿ ಹೆಸರು ಜೀವಮಾನಕ್ಕೆ ಎರಡೇ ಸಲ ಬದಲಿಸಬಹುದು ಮೇಡಂ. ಒಂದು ಮದುವೆಗೆ ಖರ್ಚಾಗಿದೆ. ಮತ್ತೆ ಮದುವೆ ಯೋಚನೆ ಇದ್ರೆ ಈಗ್ಲೇ ಹೇಳ್ಬಿಡಿ."

ಅವನ ಬೆರಳು ಜಾರಿ 'ಹೆಗ್ಡೆ' ಅಂತ ಬಿದ್ದರೆ ನನ್ನ ಕಥೆ ಮುಗಿಯಿತು. ಹೆಗಡೆಗೂ ಹೆಗ್ಡೆಗೂ ಏನು ವ್ಯತ್ಯಾಸ ಅಂತೀರಾ? ನಮ್ಮ ಚಿಕ್ಕಮ್ಮನನ್ನು ಕೇಳಿ. ಒಂದು ಚೀಲ ಅಡಿಕೆ ಸುಲಿದು ಮುಗಿಯುವವರೆಗೂ ಹೇಳುತ್ತಾಳೆ.

ಹೆಸರು ಬದಲಾದದ್ದನ್ನು ಅಧಿಕೃತವಾಗಿ ಪ್ರಕಟಿಸುವ ಕೇಂದ್ರದ ಗೆಜೆಟ್‌ನವರು ಇನ್ನೂ ಜಾಣರು. ತವರಿನ ಹೆಸರಿಗೆ ಮರಳುವ ಹೆಂಗಸು ಡೈವೋರ್ಸ್ ಡಿಕ್ರಿ ತರಬೇಕು, ಇಲ್ಲವೇ ಗಂಡನ ಎನ್‌ಒಸಿ, ಜೊತೆಗೆ ಅವನ ಮೊಬೈಲ್ ನಂಬರ್ ಅಂತ ನಿಯಮ ಮಾಡಿದರು. 2024ರಲ್ಲಿ ಒಬ್ಬಾಕೆ ಇದನ್ನು ಪ್ರಶ್ನಿಸಿ ದಿಲ್ಲಿ ಹೈಕೋರ್ಟಿಗೆ ಹೋದರು. ಪುಣ್ಯಕ್ಕೆ ನನ್ನ ಹತ್ತಿರ ಡಿಕ್ರಿ ಇದೆ. ಆ ನಂಬರ್ ಬ್ಲಾಕ್ ಮಾಡಿ ವರ್ಷವಾಯಿತು.

ನಮ್ಮ ಜಿಲ್ಲೆಯನ್ನೇ ನೋಡಿ. 2014ರ ನವೆಂಬರ್ 1ಕ್ಕೆ ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಒಟ್ಟಿಗೇ ಬದಲಾಯಿತು. ಶಿಮೊಗ ಹೋಗಿ ಶಿವಮೊಗ್ಗ ಬಂತು. (ನಾವು ಮೊದಲಿಂದಲೂ ಶಿವಮೊಗ್ಗ ಅಂತಲೇ ಅನ್ನುತ್ತಿದ್ದೆವು, ಅದು ಬೇರೆ ಮಾತು.) ಅದಕ್ಕೆ ದಿಲ್ಲಿಯ ಒಪ್ಪಿಗೆ ಬೇಕಾಯಿತು, ನಿಜ. ಆದರೆ ಬಿಟ್ಟು ಹೋದ ಬ್ರಿಟಿಷರ ಎನ್‌ಒಸಿಯನ್ನಾಗಲೀ ಫೋನ್ ನಂಬರನ್ನಾಗಲೀ ಯಾರೂ ಕೇಳಿದ ಹಾಗಿಲ್ಲ.

ಮದುವೆಯಲ್ಲಿ ಅಮ್ಮ ಕೊಟ್ಟ ಸ್ಟೀಲ್ ಕೊಡಪಾನ ನನ್ನ ಜೊತೆಗೇ ವಾಪಸ್ ಬಂದಿದೆ. ಅದರ ಕತ್ತಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಹೊಡೆಸಿದ ನನ್ನ ಹೆಸರಿದೆ, ಹೆಗಡೆ ಅಂತಲೇ. ಏಳು ವರ್ಷ ಆ ಮನೆಯ ನೀರು ತುಂಬಿಕೊಂಡರೂ ಅದು ಭಟ್ ಆಗಲಿಲ್ಲ. ಇದನ್ನೇ ದಾಖಲೆ ಅಂತ ತರಲಾ ಅಂತ ಹುಡುಗನನ್ನು ಕೇಳಿದೆ.

"ತನ್ನಿ ಮೇಡಂ. ಎರಡು ಜೆರಾಕ್ಸೂ ಇರಲಿ."